ರೈಲಿನೊಳಗೆ ಕೂತವರಿಗೆ ಕಾಂತಬಲ ಎಲ್ಲಿ ಹೋಯಿತು? ಕಾರವಾರ ಪ್ಲಾಟ್‌ಫಾರಂ ಲೆಕ್ಕ

ಕಾಳಿತೀರ (ಕಾರವಾರ)

ದ್ವಿತೀಯ ಪಿಯು ತರಗತಿಯಲ್ಲಿ ಪ್ರತಿ ವರ್ಷ ಏಳುವ ಪ್ರಶ್ನೆ. ಅಂಕಿ ಸಮೇತ ಉತ್ತರ ಬೇಕು, ಬಾಯಿಮಾತಿನ ಸಮಾಧಾನ ಬೇಡ.

ಕೊಂಕಣ ರೈಲ್ವೆಯ ಗಾಡಿ ಗಂಟೆಗೆ 100 ಕಿ.ಮೀ. ವೇಗದಲ್ಲಿ ಕಾರವಾರ ಸ್ಟೇಷನ್ ದಾಟುತ್ತಿದೆ ಎಂದುಕೊಳ್ಳಿ. ಬೋಗಿಯೊಳಗೆ ಎರಡು ಚೆಂಡು, ಒಂದು ಬಲಗಡೆ ಕಿಟಕಿಯ ಕಡೆ, ಇನ್ನೊಂದು ಎಡಗಡೆ, ನಡುವೆ 10 ಸೆಂ.ಮೀ. ಎರಡಕ್ಕೂ 10 ನ್ಯಾನೊಕೂಲಂಬ್ ಧನ ಆವೇಶ. ನಡುವೆ ಒಂದು ಸ್ಪ್ರಿಂಗ್ ಕಟ್ಟಿದೆ, ಅದು ವಿಕರ್ಷಣೆಗೆ ಸ್ವಲ್ಪ ಹಿಗ್ಗಿದೆ. ಗಾಡಿಯೊಳಗಿನವರಿಗೆ ಚೆಂಡುಗಳು ನಿಂತೇ ಇವೆ, ಹಾಗಾಗಿ ಇರುವುದು ವಿದ್ಯುತ್ ಬಲ ಮಾತ್ರ. ಪ್ಲಾಟ್‌ಫಾರಂ ಮೇಲೆ ನಿಂತವರಿಗೆ ಎರಡೂ ಓಡುವ ಆವೇಶಗಳು, ಅಂದರೆ ಒಂದೇ ದಿಕ್ಕಿನ ಎರಡು ಕರೆಂಟ್. ಒಂದೇ ದಿಕ್ಕಿನ ಕರೆಂಟ್‌ಗಳು ಪರಸ್ಪರ ಎಳೆಯಬೇಕಲ್ಲ? ಹಾಗಾದರೆ ಸ್ಪ್ರಿಂಗ್ ಎಷ್ಟು ಹಿಗ್ಗಿದೆ ಎನ್ನುವುದರಲ್ಲೇ ಇಬ್ಬರಿಗೂ ಬೇರೆ ಬೇರೆ ಉತ್ತರ ಬರುತ್ತದೆಯೇ?

ಅಘನಾಶಿನಿ

ಸ್ಪ್ರಿಂಗ್ ಹಿಗ್ಗಿದ್ದು ಇಬ್ಬರಿಗೂ ಅಷ್ಟೇ. ಓಟಕ್ಕೆ ಅಡ್ಡಲಾಗಿರುವ ಉದ್ದ ಬದಲಾಗುವುದಿಲ್ಲ. ಬದಲಾಗುವುದು ಬಲದ ಲೆಕ್ಕ, ಅದರಲ್ಲಿ ಮೂರು ಮೆಟ್ಟಿಲಿವೆ. ಒಂದನ್ನು ಹಾರಿದರೂ ಉತ್ತರ ಕೆಡುತ್ತದೆ.

ಗಾಡಿಯೊಳಗಿನ ಬಲ ಕೂಲಂಬ್ ನಿಯಮದ ಪ್ರಕಾರ 9 × 10⁻⁵ ನ್ಯೂಟನ್. ಈಗ ಪ್ಲಾಟ್‌ಫಾರಂಗೆ ಬನ್ನಿ. ಮೊದಲ ಮೆಟ್ಟಿಲು: ಓಡುವ ಆವೇಶದ ವಿದ್ಯುತ್ ಕ್ಷೇತ್ರ ಅಡ್ಡ ದಿಕ್ಕಿನಲ್ಲಿ ಕಡಿಮೆಯಾಗುವುದಿಲ್ಲ, ಗಾಮಾ ಪಟ್ಟು ಹೆಚ್ಚುತ್ತದೆ. (ಗಾಮಾ ಅಂದರೆ, 1ರಲ್ಲಿ ವೇಗವರ್ಗ ಭಾಗಿಸು ಬೆಳಕಿನ ವೇಗದ ವರ್ಗ ಕಳೆದು, ವರ್ಗಮೂಲ ತೆಗೆದು, ಅದರಿಂದ 1ನ್ನು ಭಾಗಿಸಿದ್ದು.) ಎರಡನೆಯದು: ಕಾಂತಬಲ ಎಳೆಯುತ್ತದೆ, ಅದು ಈ ಹೆಚ್ಚಿದ ವಿದ್ಯುತ್ ಬಲದ ವೇಗವರ್ಗ/ಬೆಳಕಿನ ವೇಗವರ್ಗದಷ್ಟು ಪಾಲು. ಮೂರನೆಯದು: ಒಂದರಲ್ಲಿ ಇನ್ನೊಂದನ್ನು ಕಳೆದರೆ ಒಟ್ಟು ಬಲ ಗಾಡಿಯೊಳಗಿನ ಬಲವನ್ನು ಗಾಮಾದಿಂದ ಭಾಗಿಸಿದಷ್ಟು.

ಎಷ್ಟೋ ಜನ ಮೊದಲ ಮೆಟ್ಟಿಲನ್ನೇ ಬಿಡುತ್ತಾರೆ. ಪ್ಲಾಟ್‌ಫಾರಂನಲ್ಲೂ ಹಳೆಯ ಕೂಲಂಬ್ ಬಲವನ್ನೇ ಇಟ್ಟುಕೊಂಡು ಅದರಿಂದ ಕಾಂತಬಲ ಕಳೆದರೆ ಗಾಮಾದ ವರ್ಗದಿಂದ ಭಾಗಿಸಿದಂತಾಗುತ್ತದೆ, ಅದು ತಪ್ಪು.

ಸ್ಪ್ರಿಂಗಿನ ವಿಷಯ: ಸ್ಪ್ರಿಂಗ್ ಕೂಡ ಗಾಡಿಯ ಜೊತೆಗೇ ಓಡುತ್ತಿದೆ. ಅದರ ಅಡ್ಡಬಲವೂ ಪ್ಲಾಟ್‌ಫಾರಂ ಲೆಕ್ಕದಲ್ಲಿ ಗಾಮಾದಿಂದಲೇ ಭಾಗವಾಗುತ್ತದೆ. ಎರಡೂ ಒಂದೇ ಪ್ರಮಾಣದಲ್ಲಿ ತಗ್ಗುವುದರಿಂದ ಸಮತೋಲನ ಕೆಡುವುದಿಲ್ಲ. ಬಲದ ರೂಪಾಂತರ ಎಲ್ಲ ಬಗೆಯ ಬಲಕ್ಕೂ ಒಂದೇ, ವಿದ್ಯುತ್ತಿಗೆ ಮಾತ್ರ ಮೀಸಲಾದ ನಿಯಮವಲ್ಲ. ಇದನ್ನು ಮಕ್ಕಳಿಗೆ ಒತ್ತಿ ಹೇಳಬೇಕು.

ಅಂಕಿ: 100 ಕಿ.ಮೀ. ಅಂದರೆ ಸೆಕೆಂಡಿಗೆ 27.8 ಮೀಟರ್. ವೇಗಗಳ ಅನುಪಾತದ ವರ್ಗ 8.6 × 10⁻¹⁵. ಕಾಂತಬಲ ಸುಮಾರು 8 × 10⁻¹⁹ ನ್ಯೂಟನ್. ಅಳೆಯುವ ಮಾತೇ ಇಲ್ಲ. ಅಂದಹಾಗೆ ಇದನ್ನು ನಿಜವಾಗಿ ಮಾಡಿ ತೋರಿಸುವ ಆಸೆಯಿದ್ದರೆ ನಮ್ಮ ಕರಾವಳಿಯ ತೇವದಲ್ಲಿ ಚೆಂಡಿನ ಆವೇಶ ಅದನ್ನು ತೂಗುಹಾಕಿದ ದಾರದ ಮೇಲಿನ ನೀರಿನ ಪದರದಿಂದಲೇ ಸೋರಿಹೋಗುತ್ತದೆ. ಮಳೆಗಾಲದಲ್ಲಿ ಪ್ರಯತ್ನಿಸಬೇಡಿ. ಜನವರಿಯ ಒಣ ಮಧ್ಯಾಹ್ನ, ನೈಲಾನ್ ದಾರ, ಚೆನ್ನಾಗಿ ಒಣಗಿಸಿದ ಚೆಂಡು.

ಗಂಗಾವಳಿ (ಅಂಕೋಲಾ)

ಇಷ್ಟು ಸಣ್ಣ ಸಂಖ್ಯೆ ಎಂದಮೇಲೆ ವಿದ್ಯುತ್ ಮೋಟರ್ ತಿರುಗುವುದು ಹೇಗೆ? ತಂತಿಯಲ್ಲಿ ಎಲೆಕ್ಟ್ರಾನ್ ಓಡುವುದು ಗಾಡಿಗಿಂತಲೂ ನಿಧಾನ ಎಂದು ಓದಿದ್ದೇವೆ.

ಸುರುಳಿ (ಶಿರಸಿ)

ಈ ವಿಷಯದ ತಿರುಳೇ ಈ ಪ್ರಶ್ನೆ. ಉತ್ತರ: ತಂತಿಯಲ್ಲಿ ದೈತ್ಯ ವಿದ್ಯುತ್ ಬಲಗಳು ಒಂದನ್ನೊಂದು ಪೂರ್ತಿ ಅಳಿಸಿಕೊಂಡಿರುತ್ತವೆ, ಉಳಿಯುವುದು ಆ ಸಣ್ಣ ಕಾಂತ ಪಾಲು ಮಾತ್ರ. ಲೆಕ್ಕ ಹಾಕಿ ನೋಡಿ.

ತಾಮ್ರದ ತಂತಿ, ಅಡ್ಡಕೊಯ್ತ 1 ಚದರ ಮಿ.ಮೀ., ಕರೆಂಟ್ 1 ಆಂಪಿಯರ್. ತಾಮ್ರದಲ್ಲಿ ಘನ ಮೀಟರಿಗೆ 8.5 × 10²⁸ ಬಿಡಿ ಎಲೆಕ್ಟ್ರಾನುಗಳು. ಹಾಗಾದರೆ ಒಂದು ಮೀಟರ್ ತಂತಿಯಲ್ಲಿ ಓಡಾಡುವ ಋಣ ಆವೇಶ ಸುಮಾರು 13,600 ಕೂಲಂಬ್. ಡ್ರಿಫ್ಟ್ ವೇಗ, ಅಂದರೆ ಎಲೆಕ್ಟ್ರಾನುಗಳು ತಂತಿಯುದ್ದಕ್ಕೂ ಸರಾಸರಿ ಸರಿಯುವ ವೇಗ, ಸೆಕೆಂಡಿಗೆ 0.07 ಮಿ.ಮೀ. ಬೆಳಕಿನ ವೇಗದೊಂದಿಗಿನ ಅನುಪಾತದ ವರ್ಗ 6 × 10⁻²⁶.

ಇಂಥ ಎರಡು ತಂತಿ 1 ಸೆಂ.ಮೀ. ದೂರದಲ್ಲಿ ಇವೆ. ಎಲೆಕ್ಟ್ರಾನುಗಳನ್ನು ಮಾತ್ರ ಇಟ್ಟು ತಾಮ್ರದ ಅಯಾನುಗಳನ್ನು (ಎಲೆಕ್ಟ್ರಾನ್ ಬಿಟ್ಟುಕೊಟ್ಟು ಧನ ಆವೇಶದಿಂದ ನಿಂತ ಪರಮಾಣುಗಳನ್ನು) ತೆಗೆದರೆ ಮೀಟರಿಗೆ 3 × 10²⁰ ನ್ಯೂಟನ್ ವಿಕರ್ಷಣೆ. ಅಯಾನುಗಳು ಇರುವುದರಿಂದ ಅದು ಸೊನ್ನೆ. ಉಳಿದ ಕಾಂತಬಲ ಮೀಟರಿಗೆ 2 × 10⁻⁵ ನ್ಯೂಟನ್. ಎರಡನ್ನು ಭಾಗಿಸಿ: 6 × 10⁻²⁶, ಅದೇ ಅನುಪಾತದ ವರ್ಗ. ಮೋಟರಿನಲ್ಲಿ ನೂರಾರು ಸುತ್ತು, ಕಬ್ಬಿಣದ ಕೋರ್, ಹೆಚ್ಚು ಆಂಪಿಯರ್ ಸೇರಿ ಆ ಸಣ್ಣ ಪಾಲು ಪಂಪ್ ತಿರುಗಿಸುವಷ್ಟಾಗುತ್ತದೆ.

ಈಗ ಎಲೆಕ್ಟ್ರಾನ್ ಜೊತೆಗೇ ಓಡುವ ವೀಕ್ಷಕನಾಗಿ ನೋಡಿ. ತಂತಿಯ ಹೊರಗೆ 1 ಸೆಂ.ಮೀ. ದೂರದಲ್ಲಿ ಒಂದು ಬಿಡಿ ಎಲೆಕ್ಟ್ರಾನ್ ಅದೇ ಡ್ರಿಫ್ಟ್ ವೇಗದಲ್ಲಿ, ಅದೇ ದಿಕ್ಕಿಗೆ ಹೋಗುತ್ತಿದೆ. ನಮಗೆ ಅದರ ಮೇಲೆ ಕಾಂತಬಲ 2.4 × 10⁻²⁸ ನ್ಯೂಟನ್, ತಂತಿಯ ಕಡೆಗೆ. ಅದರ ಜೊತೆ ಓಡುವವನಿಗೆ ಆ ಎಲೆಕ್ಟ್ರಾನ್ ನಿಂತಿದೆ, ಕಾಂತಬಲ ಸೊನ್ನೆ. ಆದರೆ ಅವನಿಗೆ ಹಿಮ್ಮುಖವಾಗಿ ಓಡುವುದು ಅಯಾನುಗಳ ಸಾಲು; ಓಡುವ ಸಾಲು ಓಟದ ದಿಕ್ಕಿನಲ್ಲಿ ಕುಗ್ಗುವುದರಿಂದ (ಸಾಪೇಕ್ಷತಾ ಸಿದ್ಧಾಂತದ ಉದ್ದದ ಸಂಕೋಚನ) ಅವು ಒತ್ತೊತ್ತಾಗಿ ಕಾಣುತ್ತವೆ. ನಮಗೆ ಒತ್ತೊತ್ತಾಗಿ ಕಂಡಿದ್ದ ಎಲೆಕ್ಟ್ರಾನ್ ಸಾಲು ಅವನಿಗೆ ನಿಂತಿದೆ, ಹಾಗಾಗಿ ವಿರಳವಾಗಿದೆ. ತಂತಿ ಒಟ್ಟಾರೆ ಧನ ಆವೇಶದ್ದು. ಎಷ್ಟು? ಮೀಟರಿಗೆ 8 × 10⁻²² ಕೂಲಂಬ್. ಒಂದು ಎಲೆಕ್ಟ್ರಾನಿನ ಆವೇಶದ ಇನ್ನೂರರಲ್ಲಿ ಒಂದು ಭಾಗ! ಅಂದರೆ 200 ಮೀಟರ್ ತಂತಿಗೆ ಒಂದೇ ಒಂದು ಎಲೆಕ್ಟ್ರಾನಿನಷ್ಟು ಹೆಚ್ಚುಕಮ್ಮಿ. ಅಷ್ಟೇ ಆವೇಶದಿಂದ 1 ಸೆಂ.ಮೀ. ದೂರದಲ್ಲಿ ಮೀಟರಿಗೆ 1.5 × 10⁻⁹ ವೋಲ್ಟ್ ಕ್ಷೇತ್ರ ಬರುತ್ತದೆ, ಅದನ್ನು ಎಲೆಕ್ಟ್ರಾನಿನ ಆವೇಶದಿಂದ ಗುಣಿಸಿ: 2.4 × 10⁻²⁸ ನ್ಯೂಟನ್. ಕಾಂತಬಲ ಎಂದು ನಾವು ಬರೆದ ಸಂಖ್ಯೆಯೇ ವಿದ್ಯುತ್ ಬಲವಾಗಿ ಬಂತು. ಮಕ್ಕಳ ಕೈಯಲ್ಲಿ ಕ್ಯಾಲ್ಕುಲೇಟರ್ ಕೊಟ್ಟು ಈ ಎರಡೂ ದಾರಿಯನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಮಾಡಿಸಿ. ಇದಕ್ಕಿಂತ ಚೆನ್ನಾಗಿ ನಂಬಿಕೆ ಹುಟ್ಟಿಸುವ ದಾರಿ ಇಲ್ಲ.

ಗಂಗಾವಳಿ (ಅಂಕೋಲಾ)

ಒಪ್ಪಿದೆ, ಆದರೆ ಒಂದು ಕಡೆ ಕಾಲು ತೊಡರುತ್ತದೆ. ಕರೆಂಟ್ ಇಲ್ಲದಾಗ ತಂತಿ ತಟಸ್ಥ. ಸ್ವಿಚ್ ಹಾಕಿದ ಮೇಲೆ ಎಲೆಕ್ಟ್ರಾನುಗಳು ಓಡತೊಡಗಿದವು. ಓಡುವ ಸಾಲು ನಮಗೆ ಕುಗ್ಗಬೇಕಲ್ಲ? ಆಗ ನಮ್ಮ ಚೌಕಟ್ಟಿನಲ್ಲೇ (ನಿಂತು ನೋಡುವ ನಮ್ಮ ಅಳತೆಯಲ್ಲೇ) ತಂತಿ ಋಣ ಆವೇಶದ್ದಾಗಬೇಕಿತ್ತು. ಯಾಕೆ ಆಗುವುದಿಲ್ಲ?

ಅಘನಾಶಿನಿ

ಉದ್ದದ ಸಂಕೋಚನ ಎಂದರೆ ಒಂದೇ ವಸ್ತುವನ್ನು ಇಬ್ಬರು ವೀಕ್ಷಕರು ಅಳೆದಾಗ ಬರುವ ವ್ಯತ್ಯಾಸ. ನಿಂತಿದ್ದದ್ದು ಓಡತೊಡಗಿದಾಗ ತಾನಾಗಿ ಕುಗ್ಗುತ್ತದೆ ಎನ್ನುವುದು ಗಟ್ಟಿ ಕೋಲಿಗೆ ಸರಿ, ಏಕೆಂದರೆ ಕೋಲಿನ ಒಳಗಿನ ಬಂಧಗಳು ಅದನ್ನು ಎಳೆದು ಹಿಡಿದಿರುತ್ತವೆ. ಎಲೆಕ್ಟ್ರಾನುಗಳ ನಡುವೆ ಅಂಥ ಕೋಲಿಲ್ಲ. ಎಲ್ಲವೂ ಒಂದೇ ಸಲ, ಒಂದೇ ರೀತಿ ಓಡತೊಡಗಿದರೆ ನಮ್ಮ ಅಳತೆಯಲ್ಲಿ ಅವುಗಳ ಅಂತರ ಹಾಗೇ ಉಳಿಯುತ್ತದೆ, ಅವುಗಳ ಸ್ವಂತ ಚೌಕಟ್ಟಿನಲ್ಲಿ ಅಂತರ ಹೆಚ್ಚಾಗುತ್ತದೆ. ಮೇಲಾಗಿ ಇದು ಮುಚ್ಚಿದ ಸರ್ಕಿಟ್. ಒಟ್ಟು ಆವೇಶ ಬದಲಾಗುವಂತಿಲ್ಲ. ಎಲ್ಲಾದರೂ ಹೆಚ್ಚು ಕೂಡಿಕೊಂಡರೆ ಅದರ ವಿದ್ಯುತ್ ಕ್ಷೇತ್ರವೇ ಅವನ್ನು ತಳ್ಳಿ ಸರಿಮಾಡುತ್ತದೆ.

ಹಾಗೆಂದು ತಂತಿ ಎಲ್ಲ ಕಡೆ ಪೂರ್ತಿ ತಟಸ್ಥ ಎಂದೂ ಅಲ್ಲ. ಎರಡು ಸಣ್ಣ ವಿಷಯಗಳಿವೆ. ಕರೆಂಟನ್ನು ಮುಂದೆ ತಳ್ಳುವ ಕ್ಷೇತ್ರ ಬರುವುದು ತಂತಿಯ ಮೇಲ್ಮೈಯಲ್ಲಿ ಕೂತ ಆವೇಶದಿಂದ. ಅದು ಬ್ಯಾಟರಿಯ ವೋಲ್ಟೇಜ್ ಮತ್ತು ತಂತಿಯ ಬಾಗಿಗೆ ತಕ್ಕಂತೆ ಇರುತ್ತದೆ, ಸಾಪೇಕ್ಷತೆಗೂ ಅದಕ್ಕೂ ಸಂಬಂಧವಿಲ್ಲ. ಇನ್ನೊಂದು, ಓಡುವ ಎಲೆಕ್ಟ್ರಾನುಗಳ ಸ್ವಂತ ಕಾಂತಕ್ಷೇತ್ರ ಅವನ್ನು ತಂತಿಯ ನಡುವಿಗೆ ಎಳೆಯುತ್ತದೆ. ಹಾಗಾಗಿ ಒಳಭಾಗ 6 × 10⁻²⁶ ಪಾಲಿನಷ್ಟು ಋಣ, ಮೇಲ್ಮೈ ಅಷ್ಟೇ ಧನ, ಒಟ್ಟು ಸೊನ್ನೆ. ಪರೀಕ್ಷೆಗೆ ಬೇಕಿಲ್ಲ. ಆದರೆ ಚುರುಕಾದ ವಿದ್ಯಾರ್ಥಿ ಕೇಳಿಯೇ ಕೇಳುತ್ತಾನೆ, ಗೊತ್ತಿರಲಿ.

ಯಾಣಶಿಲೆ

ಇದೆಲ್ಲ ನೋಡಿದರೆ ಕಾಂತತ್ವ ಎನ್ನುವುದೇ ಇಲ್ಲ, ವಿದ್ಯುತ್ ಬಲವನ್ನೇ ಓಡುತ್ತಾ ನೋಡಿದಾಗ ಹಾಗೆ ಕಾಣುತ್ತದೆ ಎಂದು ಹೇಳಿಬಿಡಬಹುದಲ್ಲ? ಯೂಟ್ಯೂಬ್‌ನಲ್ಲಿ ಹೆಚ್ಚಿನ ವಿಡಿಯೊಗಳು ಹೀಗೆಯೇ ಮುಗಿಯುತ್ತವೆ.

ಸುರುಳಿ (ಶಿರಸಿ)

ಬೇಡ, ಹಾಗೆ ಹೇಳಬೇಡಿ. ಮಕ್ಕಳು ಅದನ್ನೇ ಹಿಡಿದುಕೊಂಡು ಮುಂದೆ ಕಷ್ಟಪಡುತ್ತಾರೆ.

ವಿದ್ಯುತ್ ಕ್ಷೇತ್ರದ ವರ್ಗದಿಂದ, ಬೆಳಕಿನ ವೇಗದ ವರ್ಗ ಗುಣಿಸು ಕಾಂತಕ್ಷೇತ್ರದ ವರ್ಗ, ಇದನ್ನು ಕಳೆದರೆ ಬರುವ ಸಂಖ್ಯೆ ಎಲ್ಲ ವೀಕ್ಷಕರಿಗೂ ಒಂದೇ. ಕಾಳಿತೀರ ಅವರ ಎರಡು ಚೆಂಡಿನ ಪ್ರಶ್ನೆಯಲ್ಲಿ ಅದು ಧನ, ಹಾಗಾಗಿ ಕಾಂತಕ್ಷೇತ್ರವೇ ಇಲ್ಲದ ಒಂದು ಚೌಕಟ್ಟು ಸಿಕ್ಕಿತು, ಅದೇ ಗಾಡಿ. ತಟಸ್ಥ ತಂತಿಯಲ್ಲಿ ಅದು ಋಣ. ಎಂಥ ವೇಗದಲ್ಲಿ ಓಡಿದರೂ ಅಲ್ಲಿ ಕಾಂತಕ್ಷೇತ್ರ ಪೂರ್ತಿ ಮಾಯವಾಗುವುದಿಲ್ಲ. ಎಲೆಕ್ಟ್ರಾನ್ ಜೊತೆ ಓಡಿದವನಿಗೂ ಅಯಾನುಗಳ ಕರೆಂಟ್ ಇದೆ, ಅದರ ಕಾಂತಕ್ಷೇತ್ರ ಇದೆ. ನಿಂತ ಎಲೆಕ್ಟ್ರಾನಿನ ಮೇಲೆ ಅದು ಬಲ ಹಾಕುವುದಿಲ್ಲ, ಅಷ್ಟೇ. ಬೆಳಕಿನಲ್ಲಿ ಆ ಸಂಖ್ಯೆ ಸೊನ್ನೆ, ಅಲ್ಲಿ ಎರಡರಲ್ಲಿ ಯಾವುದನ್ನೂ ಅಳಿಸಲಾಗದು. ಕಾಯಂ ಅಯಸ್ಕಾಂತದ ಕಾಂತತ್ವ ಬಹುಪಾಲು ಎಲೆಕ್ಟ್ರಾನಿನ ಸ್ಪಿನ್‌ನಿಂದ (ಅದರ ಹುಟ್ಟುಗುಣವಾದ ಕೋನೀಯ ಸಂವೇಗದಿಂದ) ಬಂದದ್ದು, ಅದನ್ನು ಯಾವ ಕೂಲಂಬ್ ಬಲಕ್ಕೂ ಇಳಿಸಲು ಬರುವುದಿಲ್ಲ.

ಸರಿಯಾದ ಮಾತು ಇದು: ವಿದ್ಯುತ್ ಕ್ಷೇತ್ರ, ಕಾಂತಕ್ಷೇತ್ರ ಎರಡೂ ಒಂದೇ ಕ್ಷೇತ್ರದ ಭಾಗಗಳು, ಎಷ್ಟು ಪಾಲು ಯಾವುದು ಎನ್ನುವುದು ನೋಡುವವನ ವೇಗಕ್ಕೆ ಬಿಟ್ಟದ್ದು. ಕೋಣೆಯಲ್ಲಿ ಅಡ್ಡಡ್ಡ ಇಟ್ಟ ಕೋಲಿನ ನೆರಳು ಒಂದು ಗೋಡೆಯ ಮೇಲೆ ಉದ್ದ, ಇನ್ನೊಂದರ ಮೇಲೆ ಗಿಡ್ಡ ಬಿದ್ದಂತೆ. ಅದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಕಾಳಿತೀರ (ಕಾರವಾರ)

ಇದು ಸ್ಪಷ್ಟವಾಯಿತು. 1905ರ ಐನ್‌ಸ್ಟೈನ್ ಪ್ರಬಂಧ ಶುರುವಾಗುವುದೇ ಅಯಸ್ಕಾಂತ ಮತ್ತು ವಾಹಕದಿಂದ. ಅಯಸ್ಕಾಂತ ಚಲಿಸಿದರೆ ಒಂದು ವಿವರಣೆ, ಸುರುಳಿ ಚಲಿಸಿದರೆ ಇನ್ನೊಂದು, ಕರೆಂಟ್ ಮಾತ್ರ ಒಂದೇ. ಇದನ್ನು ಲ್ಯಾಬಿನಲ್ಲಿ ಅಂಕಿ ಬರುವ ಹಾಗೆ ತೋರಿಸಬೇಕು. ಗ್ಯಾಲ್ವನೊಮೀಟರ್ ಮುಳ್ಳು ಅಲ್ಲಾಡಿದ್ದು ತೋರಿಸಿದರೆ ಸಾಲದು.

ಸುರುಳಿ (ಶಿರಸಿ)

ಸಾಮಾನು: 25 ಮಿ.ಮೀ. ಪಿವಿಸಿ ಕಂಡ್ಯೂಟ್ ಪೈಪಿನ ಒಂದು ಗೇಣು ತುಂಡು, 28 ಗೇಜ್ ಎನಾಮಲ್ ತಾಮ್ರದ ತಂತಿ ಸುಮಾರು 30 ಮೀಟರ್, 15 ಮಿ.ಮೀ. ವ್ಯಾಸ, 10 ಮಿ.ಮೀ. ದಪ್ಪದ ನಿಯೋಡೈಮಿಯಂ ಅಯಸ್ಕಾಂತ. ಪೈಪಿನೊಳಗೆ ಸಲೀಸಾಗಿ ಹೋಗುವ ಮರದ ಕಡ್ಡಿ. ವೋಲ್ಟೇಜ್ ಅಳೆದು ಕಂಪ್ಯೂಟರಿಗೆ ಕಳಿಸುವ ಆರ್ಡುಯಿನೊ ಊನೊ ಬೋರ್ಡ್. 10 ಕಿಲೊ ಓಮ್ ರೆಸಿಸ್ಟರ್ ಎರಡು.

ಪೈಪಿನ ಮೇಲೆ 2 ಸೆಂ.ಮೀ. ಅಗಲದಲ್ಲಿ 300 ಸುತ್ತು ಸುತ್ತಿ. ಆರೇಳು ಪದರ ಬರುತ್ತದೆ, ರೋಧ ಸುಮಾರು 4 ಓಮ್. ಮಲ್ಟಿಮೀಟರ್ ಅನಂತ ತೋರಿಸಿದರೆ ತುದಿಯ ಎನಾಮಲ್ ಹೋಗಿಲ್ಲ ಎಂದರ್ಥ. ಬ್ಲೇಡಿನಿಂದ ಸುತ್ತಲೂ ಕೆರೆಯಿರಿ, ಒಂದೇ ಬದಿ ಕೆರೆದರೆ ಸಾಲದು. ಎರಡು ರೆಸಿಸ್ಟರನ್ನು 5 ವೋಲ್ಟ್ ಮತ್ತು ಗ್ರೌಂಡ್ ನಡುವೆ ಸರಣಿಯಲ್ಲಿ ಹಾಕಿ. ನಡುವಿನ ಬಿಂದು 2.5 ವೋಲ್ಟ್. ಸುರುಳಿಯ ಒಂದು ತುದಿ ಅಲ್ಲಿಗೆ, ಇನ್ನೊಂದು ಅನಲಾಗ್ ಪಿನ್ನಿಗೆ. ಹೀಗೆ ಮಾಡದಿದ್ದರೆ ಋಣ ಭಾಗ ಕತ್ತರಿಸಿಹೋಗುತ್ತದೆ.

ಮೊದಲ ಸಲ ಸುರುಳಿಯನ್ನು ಸ್ಟ್ಯಾಂಡಿಗೆ ಬಿಗಿದು, ಕಡ್ಡಿಯ ತುದಿಗೆ ಅಂಟಿಸಿದ ಅಯಸ್ಕಾಂತವನ್ನು ಸುರುಳಿಯ ನಡುವಿಗಿಂತ 5 ಸೆಂ.ಮೀ. ಮೇಲಿನಿಂದ ಬಿಡಿ, ನಡುವಿಗೆ ಬಂದಾಗ ಸ್ಪಂಜಿನ ಮೇಲೆ ನಿಲ್ಲಬೇಕು. ಎರಡನೆಯ ಸಲ ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಿ ಅಯಸ್ಕಾಂತ ಮೇಲ್ತುದಿಗೆ, ಸುರುಳಿಯನ್ನು 5 ಸೆಂ.ಮೀ. ಮೇಲಿನಿಂದ ಅದರ ಮೇಲೆ ಬೀಳಲು ಬಿಡಿ. ಎರಡರಲ್ಲೂ ಕೊನೆಯ ವೇಗ ಸೆಕೆಂಡಿಗೆ 1 ಮೀಟರ್. ಸುರುಳಿಯಲ್ಲಿ ಬರುವ ವೋಲ್ಟೇಜ್ ಮಿಡಿತದ ಎತ್ತರ 1ರಿಂದ 1.5 ವೋಲ್ಟ್, ಮಿಡಿತದ ಕೆಳಗಿನ ವಿಸ್ತೀರ್ಣ 20ರಿಂದ 25 ಮಿಲಿವೋಲ್ಟ್-ಸೆಕೆಂಡ್ ಬರಬೇಕು.

ಎಡವುವ ಕಡೆಗಳು. ಉತ್ತರ ಧ್ರುವ ಎರಡೂ ಸಲ ಕೆಳಮುಖವಾಗಿಯೇ ಇರಲಿ. ‘ಮೊದಲು ಒಳಹೋಗುವ ಧ್ರುವ ಒಂದೇ ಇರಬೇಕು’ ಎಂದು ಎರಡನೆಯ ಸಲ ಅಯಸ್ಕಾಂತ ತಿರುಗಿಸಿದರೆ ಚಿಹ್ನೆ ಉಲ್ಟಾ ಬರುತ್ತದೆ, ಏಕೆಂದರೆ ಕೊನೆಗೆ ಸುರುಳಿಯೊಳಗೆ ನಿಲ್ಲುವ ಫ್ಲಕ್ಸ್‌ನ (ಸುರುಳಿಯನ್ನು ಹಾದುಹೋಗುವ ಒಟ್ಟು ಕಾಂತಕ್ಷೇತ್ರದ) ದಿಕ್ಕೇ ಉಲ್ಟಾ ಆಗಿರುತ್ತದೆ. ಎತ್ತರ ಹೋಲಿಸಬೇಡಿ, ವಿಸ್ತೀರ್ಣ ಹೋಲಿಸಿ: ಕಡ್ಡಿ ಪೈಪಿಗೆ ಉಜ್ಜಿದರೆ ಎತ್ತರ ತಗ್ಗುತ್ತದೆ, ವಿಸ್ತೀರ್ಣ ಮಾತ್ರ ವೇಗಕ್ಕೆ ಅಂಟಿಕೊಂಡಿಲ್ಲ. ಪ್ರತಿ ಅಳತೆಯನ್ನೂ ಸೀರಿಯಲ್ ಪೋರ್ಟಿಗೆ ಆಗಲೇ ಕಳಿಸಿದರೆ ಮಿಡಿತ ಮುಗಿದೇಹೋಗುತ್ತದೆ; 0.2 ಮಿಲಿಸೆಕೆಂಡಿಗೊಂದರಂತೆ 300 ಅಳತೆ ಮೆಮೊರಿಯಲ್ಲಿಟ್ಟು ಆಮೇಲೆ ಕಳಿಸಿ. ಕಂಪ್ಯೂಟರಿನ ಮೈಕ್ ಜ್ಯಾಕ್ ಬೇಡ, ಅದರ ಕೆಪ್ಯಾಸಿಟರ್ ನಿಧಾನ ಭಾಗವನ್ನು ನುಂಗಿ ವಿಸ್ತೀರ್ಣ ಕೆಡಿಸುತ್ತದೆ. ಪೈಪಿನ ಬದಲು ಅಲ್ಯೂಮಿನಿಯಂ ಕೊಳವೆ ಬಳಸಿದರೆ ಸುಳಿ ಕರೆಂಟ್‌ಗಳು ಅಯಸ್ಕಾಂತವನ್ನು ತಡೆಯುತ್ತವೆ. ಸುರುಳಿ ಬೀಳುವಾಗ ಲೀಡ್ ತಂತಿ ಒಂದಕ್ಕೊಂದು ಹೆಣೆದಿರಲಿ.

ಅಘನಾಶಿನಿ

ಒಂದು ಸೇರಿಸುತ್ತೇನೆ. ನಿಖರ ಸಾಪೇಕ್ಷತೆಯಲ್ಲಿ ಎರಡೂ ಚೌಕಟ್ಟಿನ ಇಎಮ್‌ಎಫ್ (ಸುರುಳಿಯಲ್ಲಿ ಹುಟ್ಟುವ ವೋಲ್ಟೇಜ್) ಕೂದಲೆಳೆಯೂ ವ್ಯತ್ಯಾಸವಿಲ್ಲದಂತೆ ಒಂದೇ ಅಲ್ಲ, ಗಾಮಾದಷ್ಟು ವ್ಯತ್ಯಾಸವಿದೆ. ಸೆಕೆಂಡಿಗೆ 1 ಮೀಟರ್ ವೇಗಕ್ಕೆ ಅದು 10¹⁸ರಲ್ಲಿ 5 ಅಥವಾ 6 ಭಾಗ. ಆರ್ಡುಯಿನೊ ಗುರುತಿಸುವ ಕನಿಷ್ಠ ಹೆಜ್ಜೆ 4.9 ಮಿಲಿವೋಲ್ಟ್. ಹಾಗಾಗಿ ಲ್ಯಾಬಿನಲ್ಲಿ ‘ಒಂದೇ’ ಎಂದು ಧೈರ್ಯವಾಗಿ ಬರೆಯಿರಿ.

ಸೂತ್ರವೂ ಇಷ್ಟೇ: ನಿಧಾನ ವೇಗಕ್ಕೆ ಹೊಸ ವಿದ್ಯುತ್ ಕ್ಷೇತ್ರ = ಹಳೆಯದು + ವೇಗ ಅಡ್ಡಗುಣ (ಕ್ರಾಸ್ ಪ್ರಾಡಕ್ಟ್) ಕಾಂತಕ್ಷೇತ್ರ, ಕಾಂತಕ್ಷೇತ್ರ ಹಾಗೇ ಇರುತ್ತದೆ. ಇದು ಅಯಸ್ಕಾಂತ, ಸುರುಳಿಗಳಿಗೆ ಸಾಕು. ಆವೇಶ ತುಂಬಿದ ವಸ್ತುಗಳ ಲೆಕ್ಕಕ್ಕೆ ಇದರ ಜೋಡಿ ಬೇರೆ: ವಿದ್ಯುತ್ ಕ್ಷೇತ್ರ ಹಾಗೇ, ಕಾಂತಕ್ಷೇತ್ರದಲ್ಲಿ ವೇಗ ಅಡ್ಡಗುಣ ವಿದ್ಯುತ್ ಕ್ಷೇತ್ರ ಭಾಗಿಸು ಬೆಳಕಿನ ವೇಗದ ವರ್ಗವನ್ನು ಕಳೆಯಿರಿ. 1876ರಲ್ಲಿ ಅಮೆರಿಕದ ಭೌತವಿಜ್ಞಾನಿ ರೋಲಂಡ್ ಆವೇಶ ತುಂಬಿದ ತಟ್ಟೆ ತಿರುಗಿಸಿ ಅಳೆದದ್ದು ಇಂಥ ಕಾಂತಕ್ಷೇತ್ರವನ್ನೇ. ಎರಡು ಜೋಡಿಯನ್ನೂ ಒಟ್ಟಿಗೆ ಬೆರೆಸಿ ಒಂದರ ಮೇಲೊಂದು ಎರಡು ಸಲ ರೂಪಾಂತರ ಮಾಡಿದರೆ ಉತ್ತರ ಹೊಂದುವುದಿಲ್ಲ. ಅಂಥ ಕಡೆ ಗಾಮಾ ಸಮೇತ ಪೂರ್ತಿ ಸೂತ್ರವೇ ಬೇಕು.

ಗಂಗಾವಳಿ (ಅಂಕೋಲಾ)

ರೈಲಿಗೇ ವಾಪಸ್ ಬಂದರೆ, ಗಾಡಿಯ ಅಚ್ಚು (ಎರಡು ಬದಿಯ ಚಕ್ರಗಳನ್ನು ಜೋಡಿಸುವ ಕಬ್ಬಿಣದ ದಂಡ) ಭೂಕಾಂತ ಕ್ಷೇತ್ರವನ್ನು ಕತ್ತರಿಸುತ್ತಾ ಹೋಗುತ್ತದೆ. ಆ ವೋಲ್ಟೇಜನ್ನು ಬೋಗಿಯಲ್ಲೇ ಮೀಟರ್ ಇಟ್ಟು ಅಳೆಯಬಹುದೇ?

ಅಘನಾಶಿನಿ

ಅಳೆಯಲಾಗದು, ಕಾರಣ ಬಹಳ ಸೊಗಸಾಗಿದೆ. ಕಾಂತ ಸಮಭಾಜಕ ದೇಶದ ದಕ್ಷಿಣ ತುದಿಯ ಹತ್ತಿರವೇ ಹಾದುಹೋಗುವುದರಿಂದ ನಮ್ಮ ಕರಾವಳಿಯಲ್ಲಿ ಭೂಕಾಂತ ಕ್ಷೇತ್ರ ಬಹುಪಾಲು ಅಡ್ಡಕ್ಕೇ ಇದೆ, ಸುಮಾರು 40 ಮೈಕ್ರೊಟೆಸ್ಲಾ. ಲಂಬ ಭಾಗ ಸ್ಥೂಲವಾಗಿ 12. ಅಚ್ಚಿನ ಉದ್ದಕ್ಕೆ ಕೆಲಸ ಮಾಡುವುದು ಲಂಬ ಭಾಗ ಮಾತ್ರ. ಬ್ರಾಡ್‌ಗೇಜ್ 1.676 ಮೀಟರ್, ವೇಗ 27.8, ಗುಣಿಸಿದರೆ ಅರ್ಧ ಮಿಲಿವೋಲ್ಟಿನಷ್ಟು.

ಗಾಡಿಯೊಳಗಿನವನಿಗೆ ಅಚ್ಚು ನಿಂತಿದೆ. ಅವನ ಚೌಕಟ್ಟಿನಲ್ಲಿ ಅಡ್ಡಲಾಗಿ ಒಂದು ವಿದ್ಯುತ್ ಕ್ಷೇತ್ರ ಇದೆ, ಅದು ಅಚ್ಚಿನ ಎಲೆಕ್ಟ್ರಾನುಗಳನ್ನು ಒಂದು ಬದಿಗೆ ಸರಿಸಿದೆ. ಆದರೆ ಅವನ ಮೀಟರಿನ ಲೀಡ್ ತಂತಿಯೂ ಅದೇ ಕ್ಷೇತ್ರದಲ್ಲಿದೆ, ಅಲ್ಲಿಯೂ ಅಷ್ಟೇ ಸರಿದಿದೆ. ಲೂಪ್ ಸುತ್ತಿ ಬಂದರೆ ಸೊನ್ನೆ. ನೆಲದ ಮೇಲಿನವನ ಭಾಷೆಯಲ್ಲಿ: ಅಚ್ಚು, ಲೀಡ್ ಎರಡೂ ಒಟ್ಟಿಗೆ ಓಡುತ್ತಿವೆ, ಲೂಪಿನ ಫ್ಲಕ್ಸ್ ಬದಲಾಗಲಿಲ್ಲ, ಹಾಗಾಗಿ ಸೊನ್ನೆ. ವಿವರಣೆ ಎರಡು, ಮೀಟರಿನ ಅಂಕಿ ಒಂದೇ. ನೆಲದ ಮೇಲೆ ನಿಂತ ಮೀಟರ್ ಎರಡು ಹಳಿಗೆ ಜೋಡಿಸಿದ್ದರೆ ಮಾತ್ರ ಅಚ್ಚು ಹತ್ತಿರ ಬಂದಂತೆ ಲೂಪ್ ಚಿಕ್ಕದಾಗಿ ಅರ್ಧ ಮಿಲಿವೋಲ್ಟ್ ಕಾಣಬೇಕು. ಇದು ಕಾಗದದ ಮೇಲಿನ ಲೆಕ್ಕ ಮಾತ್ರ. ಹಳಿಯಲ್ಲಿ 25 ಕಿಲೊವೋಲ್ಟ್ ಲೈನಿನ ಮರುಕರೆಂಟ್ ಹರಿಯುತ್ತದೆ, ಸಿಗ್ನಲ್ ವ್ಯವಸ್ಥೆಯೂ ಹಳಿಯನ್ನೇ ನಂಬಿದೆ. ಮಕ್ಕಳಿಗೆ ಮೀಟರ್ ಹಿಡಿದು ಅಲ್ಲಿಗೆ ಹೋಗಬೇಡಿ ಎಂದು ಖಡಾಖಂಡಿತ ಹೇಳಿ.

ಯಾಣಶಿಲೆ

ಹಾಗಾದರೆ ಕಾಳಿ ನದಿಯ ಅಳಿವೆಯಲ್ಲಿ? ಉಪ್ಪುನೀರು ವಾಹಕ, ಅದೂ ಹರಿಯುತ್ತದೆ, ದಡ ನಿಂತಿದೆ. ಮೀಟರ್ ದಡದಲ್ಲಿ.

ಸುರುಳಿ (ಶಿರಸಿ)

ತತ್ವ ಸರಿಯಾಗಿದೆ. ಫ್ಯಾರಡೆ 1832ರಲ್ಲಿ ಲಂಡನ್ನಿನ ವಾಟರ್‌ಲೂ ಸೇತುವೆಯಿಂದ ಥೇಮ್ಸ್ ನದಿಗೆ ತಂತಿ ಇಳಿಬಿಟ್ಟು ಇದನ್ನೇ ಹುಡುಕಿದ, ಸಿಗಲಿಲ್ಲ. ನೀರು ಸೆಕೆಂಡಿಗೆ 1 ಮೀಟರ್ ಹರಿದರೆ, 12 ಮೈಕ್ರೊಟೆಸ್ಲಾ ಲಂಬ ಕ್ಷೇತ್ರಕ್ಕೆ, ನದಿಯ ಅಗಲ 100 ಮೀಟರಿಗೆ 1.2 ಮಿಲಿವೋಲ್ಟ್. ತಳದ ಕೆಸರು ಕೂಡ ಉಪ್ಪುನೀರು ಕುಡಿದು ವಾಹಕವಾಗಿರುವುದರಿಂದ ಅದರಲ್ಲೂ ಒಂದಷ್ಟು ಸೋರುತ್ತದೆ. ದೋಣಿಯಲ್ಲಿ ನೀರಿನ ಜೊತೆಗೇ ತೇಲುವವನಿಗೆ ನೀರು ನಿಂತಿದೆ, ಅಯಾನುಗಳನ್ನು ಸರಿಸುವುದು ವಿದ್ಯುತ್ ಕ್ಷೇತ್ರ. ಸೇತುವೆ ಮೇಲಿನವನಿಗೆ ಕಾಂತಬಲ.

ತೊಡಕು ಇರುವುದು ಎಲೆಕ್ಟ್ರೋಡಿನಲ್ಲಿ. ತಾಮ್ರದ ತುಂಡು ಇಳಿಬಿಟ್ಟರೆ ಎರಡು ದಡದ ಉಪ್ಪಿನಂಶ, ಉಷ್ಣತೆಯ ವ್ಯತ್ಯಾಸಕ್ಕೇ ಹಲವು ಮಿಲಿವೋಲ್ಟ್ ಬರುತ್ತದೆ, ಅದೂ ಅಲೆದಾಡುತ್ತಿರುತ್ತದೆ. ಬೆಳ್ಳಿ-ಬೆಳ್ಳಿ ಕ್ಲೋರೈಡ್ ಎಲೆಕ್ಟ್ರೋಡ್ ಬೇಕು, ಎರಡನ್ನೂ ಮೊದಲು ಒಂದೇ ಬಕೆಟ್ ಉಪ್ಪುನೀರಿನಲ್ಲಿ ಒಂದು ರಾತ್ರಿ ಇಟ್ಟು ಅಂತರ ಸ್ಥಿರವಾಗಿದೆಯೇ ನೋಡಬೇಕು. ಭರತಕ್ಕೂ ಇಳಿತಕ್ಕೂ ಚಿಹ್ನೆ ಬದಲಾದರೆ ಗೆದ್ದೆವು ಎಂದುಕೊಳ್ಳಬಾರದು. ಅಳಿವೆಯಲ್ಲಿ ಉಪ್ಪಿನಂಶವೂ ಅದೇ ಗಡಿಯಾರದ ಪ್ರಕಾರ ಏರಿಳಿಯುತ್ತದೆ, ಎರಡೂ ಸಂಕೇತ ಒಂದರೊಳಗೊಂದು ಬೆರೆತು ಬರುತ್ತವೆ.

ಬಿಡಿಸುವ ದಾರಿ: ಎಲೆಕ್ಟ್ರೋಡುಗಳ ಪಕ್ಕದಲ್ಲೇ ವಾಹಕತೆ ಮತ್ತು ಉಷ್ಣತೆ ಬರೆದಿಡಿ. ಹರಿವಿನ ವೇಗ ಅತಿ ಹೆಚ್ಚು ಇರುವ ಹೊತ್ತು ಮತ್ತು ಉಪ್ಪು ಅತಿ ಹೆಚ್ಚು ಇರುವ ಹೊತ್ತು ಒಂದೇ ಅಲ್ಲ: ಭರತದ ವೇಗ ಸಾಮಾನ್ಯವಾಗಿ ನೀರು ಏರುತ್ತಿರುವಾಗ ಹೆಚ್ಚು, ಉಪ್ಪು ಹೆಚ್ಚಾಗುವುದು ಹರಿವು ತಿರುಗುವ ಹೊತ್ತಿಗೆ. ವೋಲ್ಟೇಜ್ ಯಾವುದರ ಜೊತೆ ಹೆಜ್ಜೆ ಹಾಕುತ್ತದೆ ನೋಡಿ. 50 ಹರ್ಟ್ಸ್ ಗದ್ದಲಕ್ಕೆ ಮೀಟರಿನ ಮುಂದೆ ಹತ್ತಾರು ಸೆಕೆಂಡಿನ ಸರಾಸರಿ ಹಾಕಿ. ವಿದ್ಯುತ್ ರೈಲು ದಾಟುವ ಹೊತ್ತಿನ ಅಳತೆಗಳನ್ನು ಬಿಡಿ, ನೆಲದಲ್ಲಿ ಹರಿಯುವ ಮರುಕರೆಂಟ್ ನಿಮ್ಮ ಒಂದು ಮಿಲಿವೋಲ್ಟನ್ನು ಮುಳುಗಿಸಬಲ್ಲದು. ಮಳೆಗಾಲದಲ್ಲಿ ನದಿ ಸಿಹಿನೀರಾಗಿ ರೋಧ ಏರುತ್ತದೆ, ಆಗ ಮೀಟರಿನ ಒಳರೋಧ 10 ಮೆಗಾ ಓಮ್‌ಗೆ ಕಡಿಮೆ ಇರಬಾರದು. ಮಾರ್ಚ್‌ನಿಂದ ಮೇ ತಿಂಗಳ ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಭರತದ ದಿನಗಳು ಇದಕ್ಕೆ ಒಳ್ಳೆಯ ಹೊತ್ತು.